ಹೊಟ್ಟೆಗೆ ಬಿದ್ದ ಗುಂಡು, ದಾರಿಯಲ್ಲಿ ಕಳೆದ ಹೊತ್ತು

ಹೊಟ್ಟೆಗೆ ಗುಂಡು ತಗುಲಿದವನನ್ನು ಕೊಯ್ದರೆ ಸಾಯುತ್ತಾನೆ, ಸುಮ್ಮನೆ ಬಿಟ್ಟರೆ ಬದುಕುತ್ತಾನೆ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಶಸ್ತ್ರವೈದ್ಯ ವಿಲಿಯಂ ಮ್ಯಾಕ್‌ಕಾರ್ಮ್ಯಾಕ್ ಮುಟ್ಟಿದ ತೀರ್ಮಾನವಿದು. ಇದನ್ನು ಹಳೇ ಕಾಲದ ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಂಡದ್ದನ್ನೇ ಅವರು ಹೇಳಿದರು. ಅವರ ಕಣ್ಣಿಗೆ ಬಿದ್ದವರು ಯಾರು ಎಂಬುದನ್ನು ನಾವು ಕೇಳಬೇಕು. ದಕ್ಷಿಣ ಆಫ್ರಿಕಾದ ಬಯಲಿನಲ್ಲಿ ಗಾಯಾಳುಗಳು ಎತ್ತಿನ ಗಾಡಿಯಲ್ಲಿ ಗಂಟೆಗಟ್ಟಲೆ ಕುಲುಕಾಡಿಕೊಂಡು ಬರಬೇಕಿತ್ತು. ದೊಡ್ಡ ರಕ್ತನಾಳ ಹರಿದವರು ದಾರಿಯಲ್ಲೇ ತೀರಿಕೊಂಡರು. ಮೌಸರ್ ಬಂದೂಕಿನ ಸಣ್ಣ ಗುಂಡು ಕರುಳನ್ನು ತಪ್ಪಿಸಿ ಹಾದುಹೋಗಿದ್ದವರು ತಾವಾಗಿಯೇ ಚೇತರಿಸಿಕೊಂಡರು. ಕರುಳು ತೂತಾದವರಿಗೆ ಡೇರೆ ತಲುಪುವಷ್ಟರಲ್ಲೇ ನಂಜೇರಿರುತ್ತಿತ್ತು; ಕತ್ತಿ ತಗುಲುವ ಮೊದಲೇ ಅವರ ಕಾಲ ಮೀರಿತ್ತು.

ಸೋಂಕು ತಡೆಯುವ ವಿದ್ಯೆ ಆಗಿನ್ನೂ ಪಳಗಿರಲಿಲ್ಲ, ಸಾವಿಗೆ ಅದೇ ಕಾರಣ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಶಸ್ತ್ರವೈದ್ಯ ಲಿಸ್ಟರ್ ಸೋಂಕು ತಡೆಯುವ ತಮ್ಮ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲೇ. ಬೋಯರ್ ಯುದ್ಧದ ವೈದ್ಯರು ಅದನ್ನು ಕಲಿತೇ ಬಂದವರು. ಅದೂ ಅಲ್ಲದೆ, ಕೆಲವೇ ವರ್ಷಗಳ ನಂತರ, ರಷ್ಯಾ–ಜಪಾನ್ ಯುದ್ಧದಲ್ಲಿ ವೇರಾ ಗೆದ್ರೋಯಿತ್ಸ್ ಎಂಬ ವೈದ್ಯೆ ರೈಲು ಬೋಗಿಯಲ್ಲೇ ಹೊಟ್ಟೆ ಕೊಯ್ದು ಗಾಯಾಳುಗಳನ್ನು ಉಳಿಸಿದರು. ಗಾಯವಾಗಿ ಮೂರು ಗಂಟೆಯೊಳಗೆ ಕೈಗೆ ಸಿಕ್ಕವರನ್ನೇ ಅವರು ಆರಿಸಿಕೊಳ್ಳುತ್ತಿದ್ದರು. ಅವರ ಅನುಭವ ಪಶ್ಚಿಮಕ್ಕೆ ಬೇಗ ಮುಟ್ಟಲಿಲ್ಲವೆನ್ನುವುದು ನೋವಿನ ಸಂಗತಿ. 1914ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ಬ್ರಿಟಿಷರು ಮತ್ತೆ ಹಳೆಯ ನಿಯಮವನ್ನೇ ಹಿಡಿದರು: ಮಾರ್ಫಿನ್ ಕೊಟ್ಟು ಕಾಯುವುದು. ಆದರೆ ಇಲ್ಲಿ ಬಡಿಯುತ್ತಿದ್ದದ್ದು ಷೆಲ್ಲಿನ ಮೊನಚು ಚೂರುಗಳು, ಕಾದವರು ಸತ್ತರು. 1915ರಿಂದ ಮುಂಚೂಣಿಗೆ ಹತ್ತಿರದ ಆಸ್ಪತ್ರೆಗಳಲ್ಲೇ ಕೊಯ್ಯತೊಡಗಿದರು. ಕರುಳನ್ನು ಮೊದಲಿನಿಂದ ಕೊನೆಯವರೆಗೆ ಬೆರಳ ಸಂದಿಯಲ್ಲಿ ಸರಿಸುತ್ತಾ ತೂತು ಹುಡುಕುವ ಕೆಲಸವದು. ಗುಂಡು ಒಳಹೊಕ್ಕ ಕಡೆ ಒಂದು, ಹೊರಬಿದ್ದ ಕಡೆ ಇನ್ನೊಂದು. ಲೆಕ್ಕ ಬೆಸವಾದರೆ ಮತ್ತೆ ಹುಡುಕಬೇಕು. ಕೊಯ್ಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೂ ಸತ್ತರು. ಬದುಕಿದವರು ಹಳೆಯ ನಿಯಮದಡಿ ಬಹುಪಾಲು ಸಾಯಬೇಕಾದವರು.

ಹಾಗಿದ್ದರೆ 1960ರಲ್ಲಿ ಬ್ರೂಕ್ಲಿನ್ನಿನ ಶಸ್ತ್ರವೈದ್ಯ ಜೆರಾಲ್ಡ್ ಶಾಫ್ಟನ್, ಚಾಕು ಇರಿತಕ್ಕೊಳಗಾದ ಎಲ್ಲರ ಹೊಟ್ಟೆಯನ್ನೂ ಕೊಯ್ಯಬೇಕಿಲ್ಲ ಎಂದದ್ದು ಮ್ಯಾಕ್‌ಕಾರ್ಮ್ಯಾಕ್ ಮಾತಿಗೇ ಮರಳಿದಂತಲ್ಲವೇ? ಅಲ್ಲ. ಚಾಕು ಗುಂಡಿನಷ್ಟು ಆಳಕ್ಕೂ ಅಗಲಕ್ಕೂ ಹಾನಿ ಮಾಡುವುದಿಲ್ಲ. ಎಷ್ಟೋ ಇರಿತಗಳು ಒಳಗಿನ ಅಂಗಗಳನ್ನು ಮುಟ್ಟುವುದೇ ಇಲ್ಲ. ಡೇರೆಯಲ್ಲಿ ಕೈಚೆಲ್ಲಿ ಕಾಯುವುದಕ್ಕೂ, ಪಕ್ಕದಲ್ಲೇ ಆಪರೇಷನ್ ಥಿಯೇಟರ್ ಇಟ್ಟುಕೊಂಡು ಅದೇ ವೈದ್ಯ ಮತ್ತೆ ಮತ್ತೆ ಬಂದು ಹೊಟ್ಟೆ ಮುಟ್ಟಿ ನೋಡುವುದಕ್ಕೂ ಹೋಲಿಕೆಯೇ ಇಲ್ಲ. ರಕ್ತದೊತ್ತಡ ಕುಸಿದರೆ, ಹೊಟ್ಟೆ ಹಲಗೆಯಂತೆ ಬಿಗಿದರೆ ಆ ರೋಗಿಯನ್ನು ಇಂದಿಗೂ ತಡಮಾಡದೆ ಕೊಯ್ಯುತ್ತಾರೆ.