ಸಲ್ಯೂಷನ್ ಪೈಪು, ನಮ್ಮತ್ತೆ ಹಂಡೆ

ಹೋದ ವಾರ ಮದ್ದೂರಿಂದ ನಾದಿನಿ ಮಗಳು ಫೋನ್ ಮಾಡಿ, "ಅತ್ತೆ, ಬಚ್ಚಲ ಪೈಪು ಎಲ್ಬೋ ತಾವ ಬುಟ್ಕೊಂಡದೆ, ಮೇಲಿಂದ ಒಸಿ ಅಂಟು ಮೆತ್ತುಬುಡ್ಲಾ?" ಅಂದ್ಲು. "ಬ್ಯಾಡ ಕಣವ್ವ, ಕುಯ್ದು ಹೊಸಾದು ಹಾಕ್ಸು, ನಾಳೆ ಗಂಟ ನೀರು ಬುಡಬ್ಯಾಡ" ಅಂದು ಇಟ್ಬುಟ್ಟೆ. ಒಲೆ ಮೇಲೆ ಹಾಲಿತ್ತು. ಯಾಕೆ ಅನ್ನೋದನ್ನ ಇಲ್ಲಿ ಬರೀತೀನಿ, ನಿಮಗೂ ಬೇಕಾಗ್ಬೋದು.

ನಮ್ಮ ಕೊಪ್ಪದ ಕಡೆ ಹಿಂದೆ ಕಪಿಲೆ ಬಾವಿ ಇದ್ದ ಕಾಲದಲ್ಲಿ ನೀರು ನಿಲ್ತಿದ್ದದ್ದು ತೊಗಲ ಚೀಲದ ಹೊಲಿಗೆ ಮೇಲೆ. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾಗಿ, ಮುಂದೆ ನಾಲೆ ನೀರು ನಮ್ಮ ಸೀಮೆ ಗದ್ದೆಗೆ ಬಂತು, ಅಡುಗೆಮನೆಗೆ ಬರ್ಲಿಲ್ಲ. ಕೊಡ ಹೆಂಗಸರ ಸೊಂಟದ ಮೇಲೇ ಉಳೀತು. ನಾನು ಮದುವೆಯಾಗಿ ಬಂದಾಗ ಹಿತ್ತಲಲ್ಲಿ ಒಂದೇ ಒಂದು ಕಬ್ಬಿಣದ ಪೈಪು. ತಿರುಪಿಗೆ ಸೆಣಬಿನ ನಾರು ಸುತ್ತಿ, ಬಣ್ಣ ಬಳಿದು, ಇಬ್ಬರು ಗಂಡಸರು ರೆಂಚು ಹಿಡಿದು ಬಿಗೀತಿದ್ರು. ಗಟ್ಟಿ ಏನೋ ಗಟ್ಟಿಯೇ. ಆದ್ರೆ ತುಕ್ಕು ಹಿಡಿದು ಮೊದ್ಲು ತೂತಾಗ್ತಿದ್ದದ್ದೂ ಆ ತಿರುಪು ತಾವಲೇ, ತಿರುಪು ಕೊರೆದ ಕಡೆ ಕಬ್ಬಿಣ ತೆಳ್ಳಗಾಗಿರ್ತದಲ್ಲ.

ಆಮೇಲೆ ಬಂತು ಪಿ.ವಿ.ಸಿ. ನಮಗೆ ಹೊಸದೇ ಹೊರತು ಅದು ಹಳೇ ವಸ್ತು. 1872ರಲ್ಲೇ ಜರ್ಮನಿಯ ಬೌಮನ್ ಅನ್ನೋರು ಬಿಸಿಲಿಗಿಟ್ಟ ಗಾಜಿನ ಪಾತ್ರೇಲಿ ಬಿಳೀ ಗಟ್ಟಿ ಪದಾರ್ಥ ಕಂಡಿದ್ರು, ಏನು ಮಾಡ್ಬೇಕು ಅಂತ ಯಾರಿಗೂ ತೋಚಲಿಲ್ಲ. 1926ರಲ್ಲಿ ಅಮೆರಿಕದ ವಾಲ್ಡೋ ಸೀಮನ್, ರಬ್ಬರನ್ನ ಲೋಹಕ್ಕೆ ಹಿಡಿಸೋ ಅಂಟು ಹುಡುಕ್ತಾ ಇದರ ತಾವ ಬಂದು, ಬೇಕಾದಂಗೆ ಬಗ್ಗೋ ಮೆತ್ತನೆ ಪ್ಲಾಸ್ಟಿಕ್ ಮಾಡಿದ್ರು. ಗಟ್ಟಿ ಪೈಪನ್ನ 1930ರ ದಶಕದ ನಡುವೆ ಜರ್ಮನಿಯೋರು ಕುಡಿಯೋ ನೀರಿಗೆ ಹಾಕಿದ್ರು.

ಅಂಟು ಹುಡುಕೋಕೆ ಹೋದೋರಿಗೆ ಸಿಕ್ಕಿದ ವಸ್ತುವಿಗೆ ಅಂಟೇ ಬೇಕಿಲ್ಲ ನೋಡಿ! ನಾವು ಸಲ್ಯೂಷನ್ ಅಂತೀವಲ್ಲ, ಆ ಡಬ್ಬೀಲಿ ಇರೋದು ಗೋಂದಲ್ಲ. ಟೆಟ್ರಾಹೈಡ್ರೋಫ್ಯುರಾನ್ ತರದ ದ್ರಾವಕದಲ್ಲಿ ಅದೇ ಪಿ.ವಿ.ಸಿ.ಯನ್ನ ಕರಗಿಸಿರ್ತಾರೆ. ಹಚ್ಚಿದಾಗ ಪೈಪಿನ ಹೊರಮೈ, ಎಲ್ಬೋ ಒಳಮೈ ಎರಡೂ ಮೆತ್ತಗಾಯ್ತವೆ. ಬಿಸಿ ಮುದ್ದೆ ಎರಡನ್ನ ಒತ್ತಿ ಇಟ್ರೆ ಒಂದೇ ಮುದ್ದೆ ಆಗಲ್ವೆ, ಹಂಗೆ ಕಲೆತೋಯ್ತವೆ. ದ್ರಾವಕ ಆರಿದ ಮೇಲೆ ನಡುವೆ ಗೆರೆಯೇ ಇರಲ್ಲ. ಆರಿದ ಮುದ್ದೆ ಮೇಲೆ ಇನ್ನೊಂದು ಇಟ್ರೆ ಹಿಡೀತದಾ? ಹೊರಗಿಂದ ಅಂಟು ಮೆತ್ತೋದು ಹಂಗೇ.

ಎಷ್ಟು ಗಟ್ಟಿ ಅಂದ್ರೆ, ಒಂದಿಂಚಿನ ಪೈಪು ಎಲ್ಬೋ ಒಳಗೆ ಎರಡು ಸೆಂಟಿಮೀಟರ್ ಹೋದ್ರೆ, ಕೂಡೋ ಜಾಗ ಸುಮಾರು 20 ಚದರ ಸೆಂಟಿಮೀಟರ್. 20 ಅಡಿ ಮೇಲಿನ ಟ್ಯಾಂಕಿನ ನೀರು ಅದನ್ನ ತಳ್ಳೋದು ಸುಮಾರು 5 ಕೆ.ಜಿ. ಭಾರದಷ್ಟು, ಅಂದ್ರೆ ಚದರ ಸೆಂಟಿಮೀಟರಿಗೆ ಕಾಲು ಕೆ.ಜಿ. ಅಮೆರಿಕದ ಎ.ಎಸ್.ಟಿ.ಎಂ. ಡಿ 2564 ಮಾನದಂಡದ ಪ್ರಕಾರ ಒಳ್ಳೇ ಸಲ್ಯೂಷನ್ 2 ಗಂಟೆಗೆ 17 ಕೆ.ಜಿ., 16 ಗಂಟೆಗೆ 35, 72 ಗಂಟೆಗೆ 63 ಕೆ.ಜಿ. ತಡೀಬೇಕು, ಪ್ರತಿ ಚದರ ಸೆಂಟಿಮೀಟರಿಗೆ. ಬಲ ದಿನದಿಂದ ದಿನಕ್ಕೆ ಏರ್ತದೆ, ಡಬ್ಬಿ ಮುಚ್ಚಿದ ತಕ್ಷಣ ಬರೋದಲ್ಲ.

ಇದು ನನಗೆ ತಡವಾಗಿ ಗೊತ್ತಾಯ್ತು. ಮಗಳು ಬಾಣಂತನಕ್ಕೆ ಬಂದಿದ್ಲು, ಕೂಸಿಗೆ ಒಂಬತ್ತು ದಿನ. ಮೋಟರಿಂದ ಟ್ಯಾಂಕಿಗೆ ಹೋಗೋ ಪೈಪು ಅಡುಗೆಮನೆ ಅಟ್ಟದ ಮೇಲೆ ಸೀಳಿತ್ತು. ಪೈಪಿನ ಹುಡುಗ ಸಂಜೆ ಬಂದು ಹೊಸ ಎಲ್ಬೋ ಹಾಕಿ, "ಅಕ್ಕ, ನಾಳೆ ಗಂಟ ಮೋಟರ್ ಹಾಕ್ಬೇಡಿ" ಅಂದು ಹೋದ. ಅವನು ಗೇಟು ದಾಟೋದಕ್ಕೂ ಕರೆಂಟು ಬರೋದಕ್ಕೂ ಸರಿಹೋಯ್ತು. ಬಾಣಂತಿಗೆ ನೀರು ಬ್ಯಾಡ್ವಾ ಅಂತ ಸ್ವಿಚ್ ಒತ್ತಿದೆ. ನಿಂತ ಪೈಪಿಗೆ ಮೋಟರ್ ನೀರು ಒಮ್ಮೆಲೇ ನುಗ್ಗಿದ್ರೆ ಬರೋ ಏಟು ಟ್ಯಾಂಕಿನ ನೀರಿನಂಗಲ್ಲ. ಎಲ್ಬೋ ಜಾರಿ, ಕೋಣೇಲಿದ್ದ ಎರಡು ಮೂಟೆ ರಾಗಿ ನೆಂದೋಯ್ತು. ಪೈಪಿನ ಮೂತಿ ಮುಟ್ಟಿದ್ರೆ ಇನ್ನೂ ಬೆರಳಿಗೆ ಅಂಟ್ತಿತ್ತು.

ಆ ರಾತ್ರಿ ಕೂಸಿನ ಬಟ್ಟೆ ಒಗೆದದ್ದು ನಮ್ಮತ್ತೆ ದಿನಾ ತುಂಬಿಸಿಡೋ ತಾಮ್ರದ ಹಂಡೆ ನೀರಲ್ಲಿ. "ಅಂಟಿನ ಪೈಪು ನಂಬ್ಕೊಂಡು ಹಂಡೆ ಬುಡ್ಬಾರ್ದು" ಅಂತ ಅವರು ಅಂದಾಗೆಲ್ಲ ನಾವು ನಗ್ತಿದ್ವಿ. ಆದ್ರೆ ನಾನು ಮಾಡಿದ ದೊಡ್ಡ ತಪ್ಪು ಆಮೇಲಿನದು. ಆ ಹುಡುಗ ಕೆಲ್ಸ ಕೆಡಿಸ್ದ ಅಂತ ಬೀದೀಲೆಲ್ಲ ಹೇಳ್ಕೊಂಡು ಬಂದೆ. ನಾಕು ಮನೆಯೋರು ಅವನನ್ನ ಕರೆಯೋದೇ ಬುಟ್ರು. ವರ್ಷ ಕಳೆದು, ಸಲ್ಯೂಷನ್ ಡಬ್ಬಿ ಮೇಲೆ ಬರೆದದ್ದನ್ನ ಮಗ ಓದಿ ಹೇಳಿದ ದಿನ ನಾನೇ ಅವನ ಮನೆ ತಾವ ಹೋದೆ. "ಬುಡಕ್ಕ, ಕರೆಂಟು ಯಾರ ಮಾತು ಕೇಳ್ತದೆ" ಅಂದು ಕಾಫಿ ಕೊಡಿಸ್ದ. ಆ ನಾಕು ಮನೆಗೂ ಹೋಗಿ ಹೇಳ್ದೆ. ಎರಡು ಮನೆಯೋರು ನಂಬಿದ್ರು.

ಇನ್ನೊಂದು ಮಾತು. ಬೀದೀಲಿ ಈಚೆಗೆ ಹೂತಿರೋ ನೀಲಿ ಗೆರೆಯ ಕಪ್ಪು ಪೈಪಿಗೆ ಸಲ್ಯೂಷನ್ ಹಿಡಿಯಲ್ಲ. ಅದು ಬೇರೆ ಪ್ಲಾಸ್ಟಿಕ್, ಈ ದ್ರಾವಕಕ್ಕೆ ಕರಗಲ್ಲ. ಅದನ್ನ ಕಾಯಿಸಿ ಕೂಡಿಸ್ಬೇಕು, ಇಲ್ಲ ಬಿಗಿಯೋ ಕಪ್ಲಿಂಗ್ ಹಾಕ್ಬೇಕು. ಗದ್ದೆ ತಾವ ಗಂಡಸರು ಬಿಳೀ ಪೈಪಿಗೆ ಒಣಹುಲ್ಲಿನ ಬೆಂಕಿ ಹಿಡಿದು, ಮೂತಿ ಹಿಗ್ಗಿಸಿ ಒಂದರೊಳಗೊಂದು ತುರುಕ್ತಾರೆ. ಹಿಗ್ಗಿದ ಕಡೆ ಪೈಪು ತೆಳ್ಳಗಾಯ್ತದೆ. ಗದ್ದೇಲಿ ಸೋರಿದ್ರೆ ಗದ್ದೆಗೇ ನೀರು, ಮನೆ ಗೋಡೆಯೊಳಗೆ ಆ ಕೆಲ್ಸ ಮಾಡ್ಸಬ್ಯಾಡಿ.

ನಾದಿನಿ ಮಗಳು ಸಂಜೆ ಮತ್ತೆ ಫೋನ್ ಮಾಡಿದ್ಲು. ಎಲ್ಬೋ ಹಾಕ್ಸಿದ್ಲಂತೆ. "ನಲ್ಲಿ ಮುಟ್ಟಿಲ್ಲ ಅತ್ತೆ, ಪಕ್ಕದ ಮನೇಲಿ ಎರಡು ಬಿಂದಿಗೆ ಈಸ್ಕೊಂಡಿವ್ನಿ" ಅಂದ್ಲು.