ಬಲಗೈ ಬೀಸುತ್ತಿದ್ದ ಕಾಲ

ಮದುವೆಯಾದ ಹೊಸತರಲ್ಲಿ, 1993ರಲ್ಲಿ, ಉರಿಗಾಂನಿಂದ ಬಂಗಾರಪೇಟೆಗೆ ನಮ್ಮವರ ಯೆಜ್ಡಿಯ ಹಿಂದೆ ಕುಳಿತು ಹೋಗುತ್ತಿದ್ದೆ. ಮೈಸೂರಿನಲ್ಲಿ ತಯಾರಾದ ಗಾಡಿ. ಸದ್ದು ಜಾಸ್ತಿ, ನಮ್ಮವರ ವೇಗ ಕಡಿಮೆ. ಗಣಿಯ ಪಾಳಿ ಬಿಟ್ಟ ಹೊತ್ತಿಗೆ ಹುಡುಗರು ಹಿಂದೆ ಹಾರ್ನ್ ಹೊಡೆಯುವರು. ನೇರ ರಸ್ತೆ ಸಿಕ್ಕೊಡನೆ ನಮ್ಮವರು ಬಲಗೈ ಚಾಚಿ ಬೀಸುವರು, “ಹೋಗಪ್ಪಾ” ಎಂಬಂತೆ. ಆಕ್ಸಿಲರೇಟರ್ ಇರುವುದೂ ಬಲಗೈಯಲ್ಲೇ. ಕೈ ತೆಗೆದರೆ ಗಾಡಿ ತಾನಾಗಿ ನಿಧಾನ. ಹುಡುಗರೂ ಕೈಯೆತ್ತಿ ಮುಂದೆ ಹೋಗುವರು.

ಒಂದು ಸಂಜೆ ಸೈನೈಡ್ ದಿಬ್ಬದ ತಿರುವಿನಲ್ಲಿ ಯಾರದೋ ಹಾರ್ನಿಗೆ ಬೆದರಿ ನಮ್ಮವರು ಮಣ್ಣಿಗಿಳಿದರು. ಇಬ್ಬರೂ ಬಿದ್ದೆವು. ಮೊಣಕೈಯ ಗುರುತು ಇನ್ನೂ ಇದೆ. ದಾರಿ ಕೊಟ್ಟದ್ದೇ ತಪ್ಪಾಯಿತೆ?

ಆಮೇಲೆ ಮಕ್ಕಳಿಗೆ ಪಾಠ ಹೇಳಲೆಂದು 1989ರ ರಸ್ತೆ ನಿಯಮಗಳನ್ನು ಓದಿದೆ. ಆ ಕೈಸನ್ನೆ ಅದರಲ್ಲೇ ಇತ್ತು. ಮುಂದಿನ ದಾರಿ ಕಾಣದ ತಿರುವಿನಲ್ಲಿ ಹಿಂದಿಕ್ಕಬಾರದು. ಹಿಂದಿಕ್ಕುವಾಗ ಮುಂದಿನವನು ವೇಗ ಹೆಚ್ಚಿಸಬಾರದು. ಎಡಕ್ಕಿರು ಎಂದಿತ್ತು, ಮಣ್ಣಿಗಿಳಿ ಎಂದಿರಲಿಲ್ಲ. ತಿರುವಿನಲ್ಲಿ ಕಾಯಬೇಕಾದವನು ವೇಗದವನು.

1996ರಲ್ಲಿ ಯೆಜ್ಡಿ ಕಾರ್ಖಾನೆ, 2001ರಲ್ಲಿ ಗಣಿ ಮುಚ್ಚಿದವು. 2017ರಲ್ಲಿ ಹೊಸ ನಿಯಮಗಳು ಬಂದವು. ತಿರುವಿನ ಮಾತು ಬದಲಾಗಲಿಲ್ಲ. ಸ್ಕೂಟರ್ ಹತ್ತುವ ಮಗಳಿಗೆ ಹೇಳುತ್ತೇನೆ: “ನೇರ ದಾರಿಯಲ್ಲಿ ಧಾರಾಳವಾಗಿ ಬಿಟ್ಟುಕೊಡು. ತಿರುವಿನಲ್ಲಿ ಮಾತ್ರ ಯಾರು ಹಾರ್ನ್ ಹೊಡೆದರೂ ನಿನ್ನ ದಾರಿ ಬಿಡಬೇಡ.”