ಆರಿದ ದೀಪ ಹೇಳಿದ ಸುಳ್ಳು

ಕುಕ್ಕರಿನೊಳಗೆ ಬೇಳೆ ಬೆಂದಿತೋ ಇಲ್ಲವೋ ಎಂದು ನಾವ್ಯಾರೂ ನಡುವೆ ಮುಚ್ಚಳ ತೆಗೆದು ನೋಡುವುದಿಲ್ಲ. ಕೂಗು ಎಣಿಸುತ್ತೇವೆ. ಕೂಗು ಹೇಳುವುದು ಆವಿಯ ಸುದ್ದಿ. ಬೇಳೆಯದನ್ನು ನಾವೇ ಊಹಿಸಿಕೊಳ್ಳಬೇಕು. ದೊಡ್ಡ ಕಾರ್ಖಾನೆಗಳಲ್ಲೂ ಹೀಗೆಯೇ. ಕೊಳವೆ, ತೊಟ್ಟಿಗಳ ಒಳಗೆ ಕುದಿಯುವುದು ಯಾರ ಕಣ್ಣಿಗೂ ಬೀಳದು. ದೂರದ ಕೊಠಡಿಯಲ್ಲಿ ಕುಳಿತವರು ಮೀಟರಿನ ಮುಳ್ಳು, ಬಣ್ಣದ ದೀಪ, ಆಮೇಲಾಮೇಲೆ ಕಂಪ್ಯೂಟರ್ ಪರದೆ, ಇವುಗಳ ಮಾತನ್ನೇ ನಂಬಿ ಕೆಲಸ ಮಾಡಬೇಕು. ಆ ಮಾತೇ ಸುಳ್ಳಾದರೆ?

1979ರ ಮಾರ್ಚ್ 28ರ ನಸುಕಿನ 4 ಗಂಟೆಗೆ ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಸ್ಥಾವರದಲ್ಲಿ ನೀರು ಹಾಯಿಸುವ ಪಂಪುಗಳು ನಿಂತವು. ಒತ್ತಡ ಏರಿತು, ಅದನ್ನು ಇಳಿಸಲೆಂದೇ ಇದ್ದ ವಾಲ್ವ್ ತೆರೆದುಕೊಂಡಿತು. ಸ್ವಲ್ಪ ಹೊತ್ತಿಗೆ ಅದು ಮುಚ್ಚಬೇಕಿತ್ತು. ಮುಚ್ಚಲಿಲ್ಲ, ಸಿಕ್ಕಿಕೊಂಡಿತು. ಆದರೆ ಕೊಠಡಿಯ ಫಲಕದ ಮೇಲೆ ಅದರ ದೀಪ ಆರಿತು! ದೀಪ ಆರಿದರೆ ವಾಲ್ವ್ ಮುಚ್ಚಿದೆ ಎಂದು ಅಲ್ಲಿದ್ದವರು ತಿಳಿದರು. ಆ ದೀಪಕ್ಕೆ ಗೊತ್ತಿದ್ದುದಾದರೂ ಏನು? ಮುಚ್ಚು ಎಂಬ ಆಜ್ಞೆ ಹೋಗಿದೆ ಎಂಬುದಷ್ಟೇ. ನಲ್ಲಿ ನಿಲ್ಲಿಸೋ ಎಂದು ಮಗನಿಗೆ ಅಡುಗೆಮನೆಯಿಂದ ಕೂಗಿದ ಮಾತ್ರಕ್ಕೆ ನಲ್ಲಿ ನಿಂತಂತಾಯಿತೇ!

ಎರಡು ಗಂಟೆಗೂ ಹೆಚ್ಚು ಕಾಲ ತಂಪು ಮಾಡುವ ನೀರು ಹೊರಗೆ ಹೋಯಿತು. ನೂರಕ್ಕೂ ಮಿಕ್ಕಿ ಎಚ್ಚರಿಕೆಗಳು ಒಟ್ಟಿಗೇ ಬಡಿದುಕೊಂಡವು. ಅವನ್ನು ಅಚ್ಚು ಹಾಕಿ ಕೊಡಬೇಕಿದ್ದ ಪ್ರಿಂಟರ್ ಗಂಟೆಗಟ್ಟಲೆ ಹಿಂದುಳಿಯಿತು. ಕಡೆಗೆ ಹೊಸದಾಗಿ ಪಾಳಿಗೆ ಬಂದವರೊಬ್ಬರು ಅನುಮಾನಪಟ್ಟು, ಅದೇ ದಾರಿಯ ಇನ್ನೊಂದು ವಾಲ್ವನ್ನು ಮುಚ್ಚಿಸಿದರು. ಸ್ಥಾವರದ ಒಡಲಿನ ಸುಮಾರು ಅರ್ಧ ಇಂಧನ ಕರಗಿತ್ತೆಂದು ವರ್ಷಗಳ ಮೇಲೆ ತಿಳಿಯಿತು. ಕೆಲಸದವರದೇ ತಪ್ಪು ಎಂದವರು ಬಹಳ. ನನಗೆ ಒಪ್ಪಿಗೆಯಿಲ್ಲ. ಅವರ ಮುಂದಿಟ್ಟ ಕನ್ನಡಿಯೇ ಡೊಂಕಾಗಿತ್ತಲ್ಲ.

ಗೋಡೆ ತುಂಬ ದೀಪಗಳ ಕಾಲ ಆಗಲೇ ಮುಗಿಯುತ್ತ ಬಂದಿತ್ತು. 1975ರಲ್ಲಿಯೇ ಹನಿವೆಲ್, ಜಪಾನಿನ ಯೊಕೊಗಾವಾ ಕಂಪನಿಗಳು ಕಂಪ್ಯೂಟರ್ ಆಧಾರಿತ ನಿಯಂತ್ರಣ ವ್ಯವಸ್ಥೆಗಳನ್ನು ತಂದಿದ್ದವು. 1987ರಲ್ಲಿ ಆರಂಭವಾದ ವಂಡರ್‌ವೇರ್ ಕಂಪನಿಯ ಸಾಫ್ಟ್‌ವೇರಿನಿಂದ, ವಿಂಡೋಸ್ ಇರುವ ಸಾಧಾರಣ ಕಂಪ್ಯೂಟರಿನ ಮೇಲೆಯೇ ಕಾರ್ಖಾನೆಯ ಚಿತ್ರ ಮೂಡಿತು. ಹಿಂದೆ ಒಂದು ಎಚ್ಚರಿಕೆ ಬೇಕೆಂದರೆ ತಂತಿ ಎಳೆದು ದೀಪ ಕೂರಿಸಬೇಕಿತ್ತು. ಈಗ ಕೀಲಿಮಣೆ ಕುಟ್ಟಿದರೆ ಸಾಕು. ಸುಲಭವಾಯಿತಲ್ಲ, ಎಲ್ಲದಕ್ಕೂ ಒಂದೊಂದು ಎಚ್ಚರಿಕೆ!

ಫಲ ಕಂಡಿದ್ದು ಬ್ರಿಟನ್ನಿನ ವೇಲ್ಸ್‌ನಲ್ಲಿ. 1994ರ ಜುಲೈ 24, ಭಾನುವಾರ. ಮಿಲ್ಫರ್ಡ್ ಹೇವನ್‌ನ ಟೆಕ್ಸಾಕೋ ತೈಲಾಗಾರಕ್ಕೆ ಸಿಡಿಲಿನಿಂದ ತೊಂದರೆ ಶುರುವಾಯಿತು. ಒಂದು ವಾಲ್ವ್ ಮುಚ್ಚಿಯೇ ಇತ್ತು. ಪರದೆ ಮಾತ್ರ ತೆರೆದಿದೆ ಎನ್ನುತ್ತಿತ್ತು. ಸ್ಫೋಟಕ್ಕೆ ಮುಂಚಿನ 11 ನಿಮಿಷಗಳಲ್ಲಿ ಇಬ್ಬರು ಕೆಲಸಗಾರರ ಮುಂದೆ 275 ಎಚ್ಚರಿಕೆಗಳು! 26 ಜನರಿಗೆ ಗಾಯವಾಯಿತು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ 15 ಜನ ಸತ್ತರು. ಅಲ್ಲಿ ಗೋಪುರದೊಳಕ್ಕೆ ಬರುವ ದ್ರವದ ಲೆಕ್ಕ ಒಂದು ಪರದೆಯಲ್ಲಿ, ಹೊರಗೆ ಹೋಗುವುದರ ಲೆಕ್ಕ ಇನ್ನೊಂದರಲ್ಲಿ. ಆದಾಯ ಒಂದು ಪುಸ್ತಕದಲ್ಲಿ, ಖರ್ಚು ಇನ್ನೊಂದರಲ್ಲಿ ಬರೆದಿಟ್ಟ ಮನೆಯ ಲೆಕ್ಕದಂತೆ.

ನನ್ನ ತಂಗಿಯ ಮಗ ಇಂಥದೇ ಪರದೆಗಳ ಕೆಲಸದಲ್ಲಿದ್ದಾನೆ. ಅವನು ತೋರಿಸಿದ ಚಿತ್ರವೆಲ್ಲ ಬೂದು ಬಣ್ಣ. "ಇದೇನೋ ಇಷ್ಟು ಸಪ್ಪೆ?" ಎಂದೆ. "ಸಪ್ಪೆಯಾಗಿದ್ದರೇ ಎಲ್ಲ ಸರಿಯಿದೆ ಅಂತ, ದೊಡ್ಡಮ್ಮ. ಕೆಟ್ಟಾಗ ಮಾತ್ರ ಬಣ್ಣ," ಎಂದ. 1999ರಲ್ಲಿ ಬ್ರಿಟನ್ನಿನಲ್ಲಿ ಬಂದ ಕೈಪಿಡಿಯೊಂದರ ಪ್ರಕಾರ, ಎಲ್ಲ ಸುಸೂತ್ರವಾಗಿರುವಾಗ ಹತ್ತು ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು ಎಚ್ಚರಿಕೆ ಬರಬಾರದಂತೆ. ಇನ್ನು ಆ ಆರಿದ ದೀಪದ ವಿಷಯ: ಅಪಘಾತದ ತರುವಾಯ ಅಮೆರಿಕದ ಅಣುಸ್ಥಾವರಗಳಲ್ಲಿ ಇಂಥ ವಾಲ್ವುಗಳಿಗೆ ಹೊಸ ನಿಯಮ ಬಂತು. ಆಜ್ಞೆ ಹೋಯಿತೆಂಬ ಸುದ್ದಿ ಸಾಲದು. ವಾಲ್ವ್ ತಾನು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಅಳೆದು ಕೊಠಡಿಗೆ ತಿಳಿಸುವ ಏರ್ಪಾಡು ಇರಲೇಬೇಕು.